ಮಾಸ್ತರು ಬಡಿದ ರೊಟ್ಟಿ

ಹದಿನಾಲ್ಕು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ಸುಳ್ಳೊಂದನ್ನು, ಸಮಾಜಸೇವೆ ಮಾಡಲು ಹೋಗಿ ಒಂದೇ ರೊಟ್ಟಿಯಲ್ಲಿ ಕಳೆದುಕೊಂಡವನು ನಾನು. ಮದುವೆಯಾದ ವಾರವೇ ಹೆಂಡತಿ ಸುನಂದಾಳಿಗೆ, ‘ನನ್ನ ಕೈಗೆ ಜೋಳದ ಹಿಟ್ಟು ಆಗಿಬರುವುದಿಲ್ಲ’ ಎಂದಿದ್ದೆ. ಪಾಪ, ನಂಬಿದ್ದಳು. (ರಾಯಚೂರಿನಲ್ಲಿ ಡಿ.ಇಡಿ. ಓದುವಾಗ ರೂಮಿನ ನಾಲ್ವರಿಗೂ ರೊಟ್ಟಿ ಬಡಿಯುತ್ತಿದ್ದವನು ನಾನೇ. ಇದು ನಮ್ಮ ನಿಮ್ಮಲ್ಲೇ ಇರಲಿ.)

ಹತ್ತಿ ಬಿಡಿಸುವ ಕಾಲ ಬಂದರೆ ನಮ್ಮ ನೀರಮಾನ್ವಿ ಶಾಲೆಯಲ್ಲಿ ಹುಡುಗಿಯರು ಮಾಯ. ಆರನೇ ತರಗತಿಯ ರಾಧಾ ಹನ್ನೆರಡು ದಿನದಿಂದ ಗೈರು. ನಾನು ತಪ್ಪಿದ ಲೆಕ್ಕವನ್ನೂ ತಿದ್ದುವ ಹುಡುಗಿ ಅವಳು. ‘ಮನೆಮನೆಗೆ ಮಾಸ್ತರು’ ಎಂಬ ಮಹಾ ಆಂದೋಲನವನ್ನು ಒಬ್ಬನೇ ಘೋಷಿಸಿ, ಭಾನುವಾರ ನಾನಿರುವ ಮಾನ್ವಿಯಿಂದ ಬೈಕಿನಲ್ಲಿ ಅವಳ ಮನೆಗೆ ಹೋದೆ.

“ಆಕಿ ಅವ್ವ ನಸುಕಿನ್ಯಾಗ ಹತ್ತಿ ಬಿಡಸಾಕ ಹೋಗ್ತಾಳ್ರಿ,” ಎಂದ ರಾಧಾಳ ಅಪ್ಪ ಮಾಳಿಂಗಪ್ಪ. “ಹುಡುಗಿ ಸಾಲಿಗಿ ಬಂದ್ರ ರೊಟ್ಟಿ ಯಾರು ಬಡೀಬೇಕ್ರಿ?”

“ನೀ ಬಡಿಯಪಾ.”

“ಗಂಡಸರ ಕೈಯಾಗ ರೊಟ್ಟಿ ಆಗ್ತಾವೇನ್ರಿ? ನೀವು ಮನ್ಯಾಗ ಬಡೀತೀರೇನ್ರಿ?”

ಓಣಿಯೆಲ್ಲ ನಕ್ಕಿತು. ನನ್ನ ಪೌರುಷ ಕೆರಳಿತು. ಅಂಗಿಯ ತೋಳು ಮಡಚಿ ಒಲೆ ಮುಂದೆ ಕೂತೇಬಿಟ್ಟೆ. (ಈ ಕಾಲದಲ್ಲಿ ಮಾಸ್ತರು ಹುಡುಗರನ್ನು ಬಡಿಯುವಂತಿಲ್ಲ, ರೊಟ್ಟಿ ಬಡಿಯಲು ಯಾವ ಕಾನೂನೂ ಅಡ್ಡಿಯಿಲ್ಲ.) ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ಯಾರೋ ಮೊಬೈಲ್ ಹಿಡಿದಿದ್ದರು. ಚೆಂದ ಕಾಣಲೆಂದು ಮುಖವನ್ನು ಆ ಕಡೆಗೇ ತಿರುಗಿಸಿದೆ.

ಮಾಳಿಂಗಪ್ಪ ಸೋತ. “ನಾಳಿಂದ ನಾನ ಬಡೀತೀನ್ರಿ. ಹುಡುಗೀನ ಕಳಿಸ್ತೀನಿ.”

ವಿಜಯಶಾಲಿಯಾಗಿ ಮನೆಗೆ ಬಂದರೆ, ನನಗಿಂತ ಮೊದಲೇ ವಿಡಿಯೋ ಬಂದು ಮುಟ್ಟಿತ್ತು. ಸುನಂದಾ ಹಿಟ್ಟಿನ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಏನ್ರೀ, ಕೈಗೆ ಆಗಿಬರಂಗಿಲ್ಲ ಅಂದಿದ್ರಿ?”

“ಅದು... ಸಮಾಜಸೇವಾ ನೋಡ... ಅಲ್ಲ, ಅದೇನಂದ್ರ...”

“ಹೌದೇನ್ರಿ? ನಾನೂ ಸಮಾಜದಾಗ ಬರ್ತೀನಿ. ಕೂಡ್ರಿ ಒಲಿ ಮುಂದ. ನಾಳಿ ಮುಂಜಾನಿ ಹನ್ನೆರಡು ರೊಟ್ಟಿ ಆಗ್ಬೇಕು.”

ಸೋಮವಾರ ನಾನು ಏದುಸಿರು ಬಿಡುತ್ತ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಮೊದಲ ಸಾಲಿನಲ್ಲಿ ರಾಧಾ ಕೂತಿದ್ದಳು. ನನಗೆ ನಿಜವಾಗಿಯೂ ಕಣ್ಣು ತುಂಬಿಬಂತು. ಅವಳು ಮಾತ್ರ ನನ್ನ ಮೊಣಕೈಗೆ ಮೆತ್ತಿದ್ದ ಹಿಟ್ಟನ್ನೇ ನೋಡುತ್ತ ಮೆಲ್ಲಗೆ ಹೇಳಿದಳು:

“ಸರ, ನಸುಕಿನ್ಯಾಗ ಎದ್ರ ಲಗೂ ಮುಗೀತದ್ರಿ. ತಿಳಿಸಿ ಹೇಳಾಕ ನಮ್ಮಪ್ಪನ್ನ ನಿಮ್ಮ ಮನಿಗಿ ಕಳಿಸ್ಲೇನ್ರಿ?”