ಉರಿಯದ ದೀಪದ ಸಾಕ್ಷಿ

ಸುಳ್ಳೂ ಬೀಜದ ಹಾಗೆ. ಎಷ್ಟೇ ಚಿಕ್ಕದಿರಲಿ, ಬಿತ್ತಿದವನ ಅಂಗಳದಲ್ಲೇ ಮೊಳೆಯುತ್ತದೆ. ಈ ಎಲೆಕ್ಟ್ರಿಷಿಯನ್ ಬಿತ್ತಿದ ಸುಳ್ಳು ಒಂದು ಬಲ್ಬಿನಷ್ಟಿತ್ತು.

ಆ ವಠಾರದ ಸಾಮಾನು ಕೋಣೆಗೆ ಅವನೇ ಒಂದು ದೀಪ ಕೂರಿಸಿದ್ದ. ಒಳಗೆ ಯಾರು ಕಾಲಿಟ್ಟರೂ ಅದು ತಾನಾಗಿ ಹತ್ತಿಕೊಳ್ಳುತ್ತಿತ್ತು. ಬಾಗಿಲ ಮೇಲಿನ ಗಾಜಿನಿಂದ ಹೊರಗಿನವರಿಗೂ ಬೆಳಕು ಕಾಣುತ್ತಿತ್ತು. ಅದರ ಬಲ್ಬು ಸುಟ್ಟುಹೋದಾಗ, "ಹೊಸದು ಹಾಕಿ ಆಯ್ತು, ಇನ್ನು ಆ ಕಡೆ ತಿರುಗಿ ನೋಡ್ಬೇಡಿ," ಎಂದು ಸಂಘದ ಅಧ್ಯಕ್ಷೆಗೆ ಹೇಳಿಬಿಟ್ಟಿದ್ದ. ಹಾಕಿರಲಿಲ್ಲ. ಇಂದು ಸಂಘದ ಸಭೆ. ಅವನ ಕೆಲಸ ಉಳಿಯುವುದೋ ಹೋಗುವುದೋ ಅಲ್ಲೇ ಗೊತ್ತಾಗಬೇಕು. "ಮೊದಲು ಹೋಗಿ ಆ ಬಲ್ಬ್ ಹಾಕಿ. ದೇವರು ನೋಡ್ತಿರ್ತಾನೆ," ಎಂದು ಹೆಂಡತಿ ಬೆಳಿಗ್ಗೆಯೇ ಅಟ್ಟಿದ್ದಳು.

ಹೊಸ ಬಲ್ಬು ಹಿಡಿದು ಕಳ್ಳಹೆಜ್ಜೆ ಇಟ್ಟು ಕೋಣೆಯ ಒಳಹೊಕ್ಕ. ಗಾಳಿಗೆ ಬಾಗಿಲು ಬಡಿದು ಹೊರಗಿನ ಚಿಲಕ ತಾನೇ ಬಿತ್ತು. ಬೆಚ್ಚಿದವನ ಕೈಯಿಂದ ಬಲ್ಬು ಜಾರಿ ಟಪ್ಪೆಂದು ಒಡೆಯಿತು. ಕೋಣೆ ಗಡಿಗೆಯ ಹೊಟ್ಟೆಯಂತೆ ಕಪ್ಪಾಗಿತ್ತು.

"ಯಾರಾದ್ರೂ ಬಾಗಿಲು ತೆಗೀರಿ," ಎಂದು ಕೂಗಿದ.

ಅವನ ಗ್ರಹಚಾರಕ್ಕೆ, ಮೇಲಿನ ಮನೆಯ ನಿವೃತ್ತ ಮೇಷ್ಟ್ರು ವಠಾರದವರಿಗೆಲ್ಲ ತರ್ಕಶಾಸ್ತ್ರದ ಪಾಠ ಶುರುಮಾಡಿದ್ದರು. ಅಂದಿನಿಂದ ಅಲ್ಲಿ ಹಾಲು ಉಕ್ಕಿದರೂ ಕಾರಣ ಸಾಧಿಸದೆ ಯಾರೂ ಒಲೆ ಆರಿಸುತ್ತಿರಲಿಲ್ಲ.

ಮೊದಲು ಬಂದವನು ಟೈಲರ್. "ಒಳಗೆ ಬೆಕ್ಕಿದ್ರೆ ಸದ್ದಾಗುತ್ತೆ. ಸದ್ದಾಗ್ತಿದೆ. ಅಂದ್ಮೇಲೆ ಬೆಕ್ಕು."

"ಇಲಿ ಇದ್ರೂ ಸದ್ದಾಗುತ್ತಲ್ಲಯ್ಯಾ," ಎಂದರು ಹಿಂದೆಯೇ ಬಂದ ಮೇಷ್ಟ್ರು. "ಹೀಗೆ ಹಿಂದುಮುಂದಾಗಿ ವಾದಿಸಬೇಡ ಅಂತ ಹೋದ ವಾರ ತಾನೇ ಬಡ್ಕೊಂಡೆ."

"ಬೆಕ್ಕೂ ಅಲ್ಲ, ಇಲಿಯೂ ಅಲ್ಲ. ನಾನು, ಎಲೆಕ್ಟ್ರಿಷಿಯನ್ನು."

ಮೇಷ್ಟ್ರು ಗಾಜಿನತ್ತ ಕತ್ತೆತ್ತಿದರು. "ಮೊದಲ ಆಧಾರವಾಕ್ಯ: ಒಳಗೆ ಯಾರಾದ್ರೂ ಇದ್ರೆ ದೀಪ ಉರಿಯುತ್ತೆ. ಎರಡನೇದು: ದೀಪ ಉರೀತಿಲ್ಲ. ತೀರ್ಮಾನ?"

"ಒಳಗೆ ಯಾರೂ ಇಲ್ಲ," ಎಂದು ಟೈಲರೂ, ಆಗತಾನೇ ಬಂದ ಅಧ್ಯಕ್ಷೆಯೂ ಮಗ್ಗಿಯಂತೆ ಒಪ್ಪಿಸಿದರು.

"ಮತ್ತೆ ಮಾತಾಡ್ತಿರೋದು ಯಾರು?" ಎಂದ ಒಳಗಿದ್ದವನು.

"ಮಾತಾಡೋದು ಬೇರೆ, ಇರೋದು ಬೇರೆಯಪ್ಪಾ. ವಾದದ ರೂಪ ಸರಿಯಾಗಿದೆ. ಆಧಾರವಾಕ್ಯದಲ್ಲಿ ಸುಳ್ಳಿದ್ರೆ ತೋರಿಸು."

ಅವನು ಕತ್ತಲಲ್ಲೇ ಲೆಕ್ಕ ಹಾಕಿದ. ಸುಳ್ಳಿದ್ದುದು ಮೊದಲ ವಾಕ್ಯದಲ್ಲಿ, ಅದೂ ಅವನದೇ ಸುಳ್ಳು. ಹೇಳಿದರೆ ಬಾಗಿಲು ತೆರೆಯುತ್ತದೆ, ಕೆಲಸ ಹೋಗುತ್ತದೆ. ಹೇಳದಿದ್ದರೆ ಸಭೆ ತಪ್ಪುತ್ತದೆ, ಆಗಲೂ ಕೆಲಸ ಹೋಗುತ್ತದೆ. ಇಕ್ಕಳದ ದವಡೆಗೆ ಸಿಕ್ಕ ತಂತಿಯ ಪಾಡು. ದೇವರನ್ನು ನೆನೆದು ಬಾಯಿಬಿಟ್ಟ.

"ಬಲ್ಬ್ ಹಾಕ್ದೇನೇ ಹಾಕಿದೀನಿ ಅಂದಿದ್ದೆ, ಮೇಷ್ಟ್ರೇ."

"ಅಂದ್ರೆ ನೀನು ಸುಳ್ಳುಗಾರ."

"ಹೌದು."

"ಸುಳ್ಳುಗಾರನ ಮಾತು ನಂಬಿ ಆಧಾರವಾಕ್ಯ ಅಳಿಸೋಕಾಗುತ್ತಾ? ಬಲ್ಬ್ ಚೆನ್ನಾಗೇ ಇದೆ. ಒಳಗೆ ಯಾರೂ ಇಲ್ಲ. ನಡೀರಿ, ಸಭೆಗೆ ಹೊತ್ತಾಯ್ತು."

ಹೆಜ್ಜೆಗಳು ದೂರವಾದವು. ಕೊನೆಗೆ ಕೆಳಮನೆಯ ಅಜ್ಜಿ, ಕಿವಿ ಕೇಳಿಸದೆ ತರ್ಕದ ಪಾಠ ತಪ್ಪಿಸಿಕೊಂಡಿದ್ದ ಏಕೈಕ ಪುಣ್ಯವಂತೆ, ಪೊರಕೆಗೆಂದು ಬಂದು ಚಿಲಕ ತೆಗೆದಳು. "ಇಲ್ಲೇನೋ ಮಾಡ್ತಿದೀಯ?" ಎಂದಳು. ಅವನು ಕೈಮುಗಿದು ಓಡಿದ.

ಸಭೆಯಲ್ಲಿ ಅಧ್ಯಕ್ಷೆ ನಗುತ್ತಲೇ ಬರಮಾಡಿಕೊಂಡರು. "ಬಾಪ್ಪಾ. ನಿನ್ನ ಬಲ್ಬ್ ಸರಿಯಾಗಿದೆ ಅಂತ ಈಗಷ್ಟೇ ಸಾಬೀತಾಯ್ತು. ಕೆಲಸ ನಿನಗೇ."

ದೇವರು ಮೇಷ್ಟ್ರ ವೇಷದಲ್ಲೂ ಬರುತ್ತಾನಲ್ಲ ಎಂದು ಅವನ ಕಣ್ಣು ತುಂಬಿತು.

"ಆದ್ರೆ," ಎಂದರು ಮೇಷ್ಟ್ರು, "ಆ ಖಾಲಿ ಕೋಣೇಲಿ ಏನೋ ಒಂದು ನಿನ್ನ ದನೀಲೇ ನಿನ್ನ ಮೇಲೆ ಚಾಡಿ ಹೇಳ್ತಿದೆ. ನಿನ್ನ ಮೊದಲ ಕೆಲಸ ಅದನ್ನ ಹಿಡಿಯೋದು."

"ಹಾಗಾದ್ರೆ ಒಂದು ಬಲ್ಬ್ ತಗೊಂಡು..." ಎಂದವನು ನಾಲಿಗೆ ಕಚ್ಚಿಕೊಂಡ.

"ಬಲ್ಬ್ ಯಾಕೆ?" ಎಂದರು ಅಧ್ಯಕ್ಷೆ.

"ಏನಿಲ್ಲ, ಬಿಡಿ."

ಎಲ್ಲರೂ ಮೆರವಣಿಗೆಯಂತೆ ಕೋಣೆಯವರೆಗೆ ಬಂದರು. ಅವನನ್ನು ಒಳಗೆ ಬಿಟ್ಟು, ದನಿ ತಪ್ಪಿಸಿಕೊಂಡು ಹೋಗದಿರಲೆಂದು ಚಿಲಕ ಹಾಕಿದರು. ಕತ್ತಲು ಹಳೆಯ ನೆಂಟನಂತೆ ಮೈಗೆ ಆತುಕೊಂಡಿತು. ಸ್ವಲ್ಪ ಹೊತ್ತು ತಡಕಾಡಿದಂತೆ ಮಾಡಿ ಅವನು ಕೂಗಿದ: "ಇಲ್ಲಿ ಯಾರೂ ಇಲ್ಲ. ಬಾಗಿಲು ತೆಗೀರಿ."

"ಅದೇ ದನಿ, ಮೇಷ್ಟ್ರೇ," ಎಂದ ಟೈಲರ್.

"ಯಾರೂ ಇಲ್ಲ ಅಂತ ಈಗ ಅದೂ ಒಪ್ತಿದೆ ನೋಡು." ಮೇಷ್ಟ್ರು ಗಾಜಿನತ್ತ ಕತ್ತೆತ್ತಿದರು. "ದೀಪ ಉರೀತಿಲ್ಲ. ಅಂದ್ರೆ ನಮ್ಮ ಎಲೆಕ್ಟ್ರಿಷಿಯನ್ ಇನ್ನೂ ಒಳಗೆ ಹೋಗೇ ಇಲ್ಲ. ಬರ್ಲಿ, ಕಾಯೋಣ."

ಪೊರಕೆ ಹಿಂದಿಡಲು ಅಜ್ಜಿ ಬರುವುದು ಮರುದಿನ ಬೆಳಿಗ್ಗೆ.