ಡಮ್ಮಿ ಮಾವ

ನಮ್ಮವರು ಒಂದು ಲೋಟ ನೀರು ಕುಡಿಯಬೇಕಾದರೂ ಮೊದಲು ಘೋಷಣೆ ಹೊರಡಿಸುತ್ತಾರೆ! "ಅಡುಗೆಮನೆಗೆ ಹೋಗ್ತೇನೆ. ನೀರು ಮಾತ್ರ ಮುಟ್ತೇನೆ." ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಈ ಸಮಾಚಾರ ಯಾರಿಗೆ ಬೇಕು ಹೇಳಿ? ಒಮ್ಮೆ ಅವರ ಕಣ್ಣೆದುರೇ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಕೇಳಿದರೆ, "ಹಾಲು ನಾನು ಹೇಳಿದ ಲಿಸ್ಟಲ್ಲಿ ಇರ್ಲಿಲ್ಲ" ಎಂದರು. ಒಲೆ ಒರೆಸಿದವಳು ನಾನು.

ಈ ರೋಗ ಅಂಟಿದ್ದು ನವಿ ಮುಂಬೈಯ ಆಫೀಸಿನಲ್ಲಿ. ಅವರು ಬರೆದ ಕಂಪ್ಯೂಟರ್ ಪ್ರೋಗ್ರಾಮ್ ಭಿವಂಡಿಯ ಗೋದಾಮಿನಿಂದ ಟ್ರಕ್ ಕಳಿಸುತ್ತದೆ. ಅಲ್ಲಲ್ಲ, ಕಳಿಸುವುದಿಲ್ಲವಂತೆ!

"ಹೇಳದೆ ಕೇಳದೆ ಏನೂ ಆಗಬಾರ್ದು. ನನ್ನ ಫಂಕ್ಷನ್, ಅಂದ್ರೆ ನಾನು ಬರೆದ ಪ್ರೋಗ್ರಾಮಿನ ತುಂಡು, 'ಟ್ರಕ್ ಬೇಕು' ಅಂತ ಕೇಳ್ತದೆ, ಅಷ್ಟೇ. ಕಳಿಸುವವ ಹ್ಯಾಂಡ್ಲರ್ ಅಂತ ಇನ್ನೊಂದು ತುಂಡು. ಟೆಸ್ಟ್ ಮಾಡುವಾಗ ಅವನ ಜಾಗದಲ್ಲಿ ಡಮ್ಮಿ ಕೂರಿಸ್ತೇವೆ. ಅದು 'ಹೋಯ್ತು' ಅಂತದೆ, ಟ್ರಕ್ ಅಲ್ಲೇ ಇರ್ತದೆ."

ಇದಕ್ಕೆ ಎಫೆಕ್ಟ್ ಸಿಸ್ಟಮ್ ಎಂದು ಹೆಸರಂತೆ. ನೌಪಾಡಾದಲ್ಲಿ ನಲವತ್ತು ವರ್ಷದಿಂದ ಹೋಟೆಲ್ ನಡೆಸುವ ಮಾವ ಇದನ್ನು ಕೇಳಿ, "ನಮ್ಮ ಸಪ್ಲೈಯರ್ ಸಹ ದೋಸೆ ಹೊಯ್ಯುದಿಲ್ಲ, ಆರ್ಡರ್ ಕೂಗ್ತಾನೆ. ಇದಕ್ಕೆ ನಿನಗೆ ಇಂಜಿನಿಯರಿಂಗ್ ಬೇಕಿತ್ತಾ?" ಎಂದರು.

ಈಚೆಗೆ ಒಂದು ಸೋಮವಾರ ಹೋಟೆಲಿನ ಕಟ್ಟಡದ ಮಾಲೀಕರು ಇವರಿಗೆ ಫೋನ್ ಮಾಡಿದರು. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಹೋಟೆಲ್ ಖಾಲಿ ಮಾಡಬೇಕು, ತಂದೆಗೆ ನೀವೇ ಹೇಳಿ ಎಂದರು. ಮಾವನಿಗೆ ಹೃದಯದ ಆಪರೇಷನ್ ಆಗಿ ವರ್ಷವಾಗಿತ್ತಷ್ಟೆ. ಹೋಟೆಲಿಲ್ಲದೆ ಈ ಮನುಷ್ಯ ಬದುಕುತ್ತಾರಾ? ಇವರು ರಾತ್ರಿ ಊಟ ಬಿಟ್ಟರು.

ಮರುದಿನ ನನಗೆ, "ನೀನು ಡಮ್ಮಿ ಅಪ್ಪ ಆಗು. ನಾನು ಹೇಳಿ ನೋಡ್ತೇನೆ" ಎಂದರು. ಆ ವಾರವೆಲ್ಲ ಸೋಫಾದ ಮೇಲೆ ಕೂತು ನಾನು ಮಾವನಾದೆ. ಒಂದು ಸಲ ಬೈದೆ. ಇನ್ನೊಂದು ಸಲ ಎದೆ ಹಿಡಿದುಕೊಂಡೆ. "ಅದೊಂದು ಬೇಡ ಮಾರಾಯ್ತಿ!" ಎಂದು ಅವರೇ ಕುಸಿದು ಕೂತರು.

ಭಾನುವಾರ ನೌಪಾಡಾಕ್ಕೆ ಹೋದೆವು. ಗಲ್ಲಾದಲ್ಲಿ ಕೂತಿದ್ದ ಮಾವನೆದುರು ನಿಂತು ಇವರು, "ಅಪ್ಪ, ಒಂದು ವಿಷಯ ಹೇಳ್ತೇನೆ. ನಿಮಗೆ ಬೇಜಾರಾಗಬಹುದು" ಎಂದು ಶುರು ಮಾಡಿದರು.

"ಬಿಲ್ಡಿಂಗ್ ವಿಷಯವಾ? ಮೆಟ್ಟಿಲ ಹತ್ರ ನೋಟಿಸ್ ಅಂಟಿಸಿ ನಾಲ್ಕೈದು ದಿವಸ ಆಯ್ತು ಮಗ" ಎಂದರು ಮಾವ. "ನೀನು ಈ ಮೇಜಿನ ಮೇಲೇ ಓದಿ ದೊಡ್ಡವನಾದವ. ನಿನಗೆ ಹೇಗೆ ಹೇಳುದು ಅಂತ ಗೊತ್ತಾಗದೆ, ದಿನಾ ದೋಸೆ ಭಟ್ರನ್ನು ಎದುರು ಕೂರಿಸಿ, ಅವರೇ ನೀನು ಅಂದ್ಕೊಂಡು ಹೇಳಿ ನೋಡ್ತಿದ್ದೆ."

ನಮ್ಮವರು ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಗಳಗಳನೆ ಅತ್ತರು. ನನಗೂ ತಡೆಯಲಾಗಲಿಲ್ಲ. ಮಾವ ಮಗನ ಬೆನ್ನು ಸವರುತ್ತ ಹೇಳಿದರು:

"ಭಟ್ರು ಇಷ್ಟು ಅಳ್ಲಿಲ್ಲ ಮಾರಾಯ."