ಎದೆಮಟ್ಟಕ್ಕೆ ಬಂದ ಅಡುಗೆಕಟ್ಟೆ

ನಮ್ಮ ನಗರದ ಅಡುಗೆಮನೆಗಳನ್ನು ಉದ್ಧಾರ ಮಾಡಲೆಂದೇ ಅವತರಿಸಿರುವ ವಿನ್ಯಾಸಕ ಮಹಾಶಯರ ಸಮ್ಮುಖಕ್ಕೆ,

ಮಾನ್ಯರೇ,

ತಾವೂ ತಮ್ಮ ಲೇಸರ್ ಅಳತೆಯಂತ್ರವೂ ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾರೋ ನನಗೆ ತಿಳಿಯದು. ಯಾರೇ ಆಗಿರಲಿ, ಅವರ ಕೈಗೆ ಒಲೆ ಎಟುಕುತ್ತಿರಲಿ, ತಮ್ಮ ತಟ್ಟೆಗೆ ಹೊತ್ತು ಹೊತ್ತಿಗೆ ಬಿಸಿ ಅನ್ನ ಬೀಳುತ್ತಿರಲಿ ಎಂದು ಮನಸಾರೆ ಹಾರೈಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇದನ್ನು ತಮಗೊಬ್ಬರಿಗೇ ಕಳಿಸಬಹುದಿತ್ತು. ಆದರೆ ತಮ್ಮ ಕಚೇರಿಗೆ ಫೋನ್ ಮಾಡಿದಾಗಲೆಲ್ಲ ಮುದ್ರಿತ ದನಿಯ ಹೆಣ್ಣುಮಗಳೊಬ್ಬಳು 'ನಿಮ್ಮ ಕರೆ ನಮಗೆ ಅತ್ಯಮೂಲ್ಯ' ಎಂದು ಹೇಳಿ ಕೊಳಲು ಕೇಳಿಸಲು ತೊಡಗುತ್ತಾಳೆ. ಅಷ್ಟು ಅಮೂಲ್ಯವಾದದ್ದನ್ನು ಯಾರೂ ಮುಟ್ಟದೆ ಕಪಾಟಿನಲ್ಲಿಟ್ಟು ಬೀಗ ಹಾಕುವುದು ಸಹಜವೇ ಆದ್ದರಿಂದ, ಊರಿಗೆಲ್ಲ ಕೇಳುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಮ್ಮ ಹಳೆಯ ಅಡುಗೆಮನೆಯ ಪರವಾಗಿ ವಕಾಲತ್ತು ವಹಿಸಲು ನಾನು ಹೊರಟಿಲ್ಲ. ಅದರ ಕಲ್ಲು ಬಿರುಕು ಬಿಟ್ಟಿತ್ತು, ನಲ್ಲಿ ಬಟ್ಟೆ ಸುತ್ತಿಸಿಕೊಂಡೂ ಸೋರುತ್ತಿತ್ತು, ಗೋಡೆಯ ಟೈಲ್ಸು ಒಂದೊಂದಾಗಿ ಕಳಚಿ ಬೀಳುತ್ತಿತ್ತು. ಅದರಲ್ಲೊಂದು ಕುದಿಯುವ ಹಾಲಿನೊಳಕ್ಕೇ ಬಿದ್ದ ದಿನ ಎಲ್ಲವನ್ನೂ ಹೊಸದು ಮಾಡಿಸುವುದೆಂದು ತೀರ್ಮಾನವಾಯಿತು. ಮನೆಯಲ್ಲಿ ದೊಡ್ಡವರೆಂದರೆ ನಾವು ಮೂವರು. ನಾನು ಔಷಧಿ ಅಂಗಡಿ ನಡೆಸುವವಳು, ಬೆಳಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವವಳು. ನನ್ನ ಯಜಮಾನರು ವಿಮಾ ಕಚೇರಿಯ ಅಧಿಕಾರಿ, ಎತ್ತರದ ಮನುಷ್ಯ. ಬಾಗಿಲು ದಾಟುವಾಗ ಬಿಟ್ಟರೆ ಬೇರೆಲ್ಲೂ ತಲೆ ತಗ್ಗಿಸಿದವರಲ್ಲ. ಮೂರನೆಯವರು ಅವರ ತಾಯಿ, ನನ್ನ ಅತ್ತೆ. ಆ ಮಗನನ್ನು ಹೆತ್ತವರು ಇವರೇ ಎಂದರೆ ಅಕ್ಕಪಕ್ಕದವರು ಈಗಲೂ ನಂಬುವುದಿಲ್ಲ, ಅಷ್ಟು ಕುಳ್ಳು. ಅಡುಗೆ ಪೂರ್ತಿ ಅವರದೇ. ರಜೆಯ ದಿನ ನಾನು ಒಂದು ಈರುಳ್ಳಿ ಹೆಚ್ಚಿದರೂ ಹಿಂದಿನಿಂದ ಬಂದು ಚೂರುಗಳನ್ನು ನೋಡಿ, 'ಇದೇನು, ಕುದುರೆಗೆ ಹಾಕೋಕಾ?' ಎಂದು ಕೇಳುವವರು.

ತಾವು ಅಳತೆಗೆ ದಯಮಾಡಿಸಿದ ಬೆಳಗ್ಗೆಯನ್ನು ನಾನು ಮರೆಯಲಾರೆ. 'ನಮ್ಮದು ರೆಡಿಮೇಡ್ ಅಲ್ಲ ಮೇಡಂ, ದರ್ಜಿ ಅಂಗಿ ಹೊಲಿದ ಹಾಗೆ, ಬಳಸೋರ ಮೈ ಅಳತೆ ತಗೊಂಡೇ ಮಾಡೋದು' ಎಂದು ತಾವು ಅಪ್ಪಣೆ ಕೊಡಿಸಿದಾಗ ನನಗೆ ರೋಮಾಂಚನವಾಯಿತು. ಆ ರೋಮಾಂಚನದಲ್ಲೇ ನಾನು ಅಂಗಡಿ ತೆರೆಯಲು ಹೊರಟುಹೋದೆ; ಮುಂದೆ ನಡೆದದ್ದೆಲ್ಲ ಕಟ್ಟೆ ಎದ್ದು ನಿಂತ ಮೇಲೆ ವಿಚಾರಣೆಯಲ್ಲಿ ಹೊರಬಿತ್ತು. ನಮ್ಮ ಮನೆಯಲ್ಲೊಂದು ಪದ್ಧತಿಯಿದೆ: ಹೊರಗಿನವರು ಏನೇ ಕೇಳಲಿ, ಮುಂದೆ ಹೋಗಿ ನಿಲ್ಲುವವರು ಯಜಮಾನರು. ಕರೆಂಟಿನ ಮೀಟರು ನೋಡಲು ಬಂದರೂ ಅವರೇ, ಮಗಳ ಶಾಲೆಯಿಂದ ಕರೆ ಬಂದರೂ ಅವರೇ. ಮಗಳು ಯಾವ ತರಗತಿಯೆಂದು ಆಮೇಲೆ ನನ್ನನ್ನು ಕೇಳುತ್ತಾರೆ. ಹಾಗಾಗಿ ತಾವು 'ಯಾರ ಅಳತೆ ತಗೊಳ್ಳಲಿ ಸಾರ್?' ಎಂದಾಗ, ಕಚೇರಿಗೆ ಹೊರಟು ಬೂಟು ಹಾಕಿಕೊಂಡಿದ್ದ ಅವರು, ಒಲೆಯ ಗುಂಡಿ ಯಾವ ಕಡೆಗೆ ತಿರುಗುತ್ತದೆಂದೂ ಅರಿಯದ ಅವರು, ಎದೆಯುಬ್ಬಿಸಿ ಮೊಣಕೈ ಮಡಚಿದರು. ತಾವು ಬೂಟಿನ ಹಿಮ್ಮಡಿಯನ್ನೂ ಸೇರಿಸಿ ಭಕ್ತಿಯಿಂದ ಅಳೆದುಕೊಂಡಿರಿ. ಅದೇ ಹೊತ್ತಿನಲ್ಲಿ ಅತ್ತೆ ಪಕ್ಕದಲ್ಲಿ ನಿಂತು ತಮಗಾಗಿಯೇ ಟೀ ಕುದಿಸುತ್ತಿದ್ದರು. ತಮ್ಮ ಯಂತ್ರದ ಕೆಂಪು ಬೆಳಕು ಗೋಡೆಗೆ ಬೀಳಲು ಅವರು ಅಡ್ಡವಾಗಿದ್ದರಿಂದ, 'ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಅಡುಗೆಮನೆ ಅಳೀಬೇಕು' ಎಂದಿರಿ. ಅವರು ಉರಿ ಸಣ್ಣಗೆ ಮಾಡಿ ಸರಿದು ನಿಂತರು. ಟೀ ಚೆನ್ನಾಗಿದೆಯೆಂದು ತಾವು ಇನ್ನೊಂದು ಲೋಟ ಕೇಳಿ ಕುಡಿದಿರಂತೆ.

ಹೀಗೆ ಅಡುಗೆ ಮಾಡುವವರನ್ನು ಪಕ್ಕಕ್ಕೆ ಸರಿಸಿ ಅಡುಗೆಮನೆಯನ್ನು ಅಳೆದ ತಮ್ಮ ಪ್ರತಿಭೆಯ ಫಲ ಈಗ ಕಣ್ಣೆದುರಿಗಿದೆ. ಕಟ್ಟೆ ಅತ್ತೆಯ ಎದೆಮಟ್ಟಕ್ಕೆ ಬಂದಿದೆ. ಅದರ ಮುಂದೆ ನಿಂತ ಅವರು ಬ್ಯಾಂಕಿನ ಕೌಂಟರಿನಲ್ಲಿ ಏನೋ ವಿಚಾರಿಸಲು ಬಂದವರಂತೆ ಕಾಣುತ್ತಾರೆ. ಹಿಟ್ಟು ನಾದಬೇಕಾದರೆ ಭುಜದ ಭಾರ ಅಂಗೈಗೆ ಇಳಿಯಬೇಕು, ಅದಕ್ಕೆ ಕಟ್ಟೆ ಮೊಣಕೈಗಿಂತ ಕೆಳಗಿರಬೇಕು ಎಂಬ ಹಳೆಯ ಮೂಢನಂಬಿಕೆಯನ್ನು ತಾವು ಒಂದೇ ಏಟಿಗೆ ಕಿತ್ತೊಗೆದಿರಿ. ಈಗ ಅವರು ಹಿಟ್ಟನ್ನು ಬರೀ ಸವರುತ್ತಾರೆ, ಅದು ಹಾಗೇ ಕೂತಿರುತ್ತದೆ. ಸಿಂಕು ಎಷ್ಟು ಆಳವೆಂದರೆ ತಳಕ್ಕೆ ಬಿದ್ದ ಚಮಚವನ್ನು ಅವರು ಇಕ್ಕಳದಿಂದ ಎತ್ತಬೇಕು. ಕೊಕ್ಕರೆಯ ಕುತ್ತಿಗೆಯಂಥ ಆ ನಲ್ಲಿಯನ್ನು ತಿರುಗಿಸಿದರೆ ನೀರು ಪಾತ್ರೆಗೆ ಬಡಿದು ಯಜಮಾನರಿಗಾದರೆ ಹೊಟ್ಟೆಗೆ, ಅತ್ತೆಗಾದರೆ ನೇರವಾಗಿ ಮುಖಕ್ಕೆ ಸಿಡಿಯುತ್ತದೆ. ಕಟ್ಟೆಯ ಕೆಳಗಿನ ಬೀರುವಿನ ಬಾಗಿಲುಗಳಿಗೆ ಹಿಡಿಕೆ ಅಸಹ್ಯವೆಂದು ತೆಗೆಸಿಹಾಕಿ, ತಳ್ಳಿದರೆ ತೆರೆದುಕೊಳ್ಳುವಂತೆ ಮಾಡಿದ್ದೀರಿ. ಒಲೆಗೆ ಎಟುಕಲು ಅವರು ಕಟ್ಟೆಗೆ ಒರಗಲೇಬೇಕು. ಒರಗಿದೊಡನೆ ಬಾಗಿಲು ಚಿಮ್ಮಿ ಮಂಡಿಗೆ ಹೊಡೆಯುತ್ತದೆ. ಮನೆಗೆ ಬಂದ ನೆಂಟರ ಮುಂದೆ ನಾವು ಇದನ್ನೆಲ್ಲ ಹೊಸ ಅನುಕೂಲವೆಂದೇ ತೋರಿಸುತ್ತಿದ್ದೇವೆ.

ಕಟ್ಟೆಯ ಬಿಳುಪನ್ನು ಹೊಗಳದಿದ್ದರೆ ನಾಲಿಗೆ ಬಿದ್ದುಹೋದೀತು. ಅದರ ಜೊತೆ ತಾವು ಕಳಿಸಿದ ಸೂಚನೆಗಳ ಪ್ರಕಾರ ಅದರ ಮೇಲೆ ಬಿಸಿ ಪಾತ್ರೆ ಇಡಬಾರದು, ನಿಂಬೆಹಣ್ಣು ಹಿಂಡಬಾರದು, ಟೀ ಚೆಲ್ಲಬಾರದು, ಚಾಕು ತಾಗಿಸಬಾರದು, ಒದ್ದೆ ಬಟ್ಟೆ ಬಿಡಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿದ್ದೆ. ಕಟ್ಟೆಯೆಂದು ಹೇಳಿ ಮಾರಿದ್ದೆಲ್ಲ ಕಟ್ಟೆಯಲ್ಲ ಎಂದು ತಮ್ಮಿಂದ ಕಲಿತೆ. ಅಡುಗೆಯೊಂದನ್ನು ಬಿಟ್ಟು ಇನ್ನೇನು ಬೇಕಾದರೂ ಮಾಡಬಹುದಾದ ಈ ಕಟ್ಟೆಯ ಮೇಲೆ ಮಗಳು ಈಗ ಚಿತ್ರ ಬರೆಯುತ್ತಿದ್ದಾಳೆ, ಅದೂ ಕೆಳಗೆ ಹಳೆಯ ಪತ್ರಿಕೆ ಹಾಸಿಕೊಂಡು.

ಅಂತೂ ಕೊಳಲು ನಿಂತು ತಾವೇ ಫೋನಿನಲ್ಲಿ ಸಿಕ್ಕಿದ ಆ ಒಂದು ಸುದಿನ, ಕಟ್ಟೆಯನ್ನು ತಗ್ಗಿಸಿಕೊಡಿ ಎಂದು ಬೇಡಿಕೊಂಡೆ. 'ಸಾರ್ ಸೈನ್ ಮಾಡಿದ್ದಾರಲ್ಲ ಮೇಡಂ. ಕಲ್ಲು ಕೂರಿಸಿದ ಮೇಲೆ ಒಂದು ಕೂದಲೆಳೆಯಷ್ಟೂ ಇಳಿಸೋಕಾಗಲ್ಲ' ಎಂದು ತಾವು ಹೇಳಿದ ಶೈಲಿಯಲ್ಲಿ, ಕಟ್ಟೆ ಸರಿಯಾಗಿಯೇ ಇದೆ, ಅತ್ತೆಯನ್ನೇ ಯಾರೋ ತಪ್ಪು ಅಳತೆಗೆ ಮಾಡಿಬಿಟ್ಟಿದ್ದಾರೆ ಎಂಬ ಮರುಕವಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ತಾವು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಸೌಜನ್ಯ ತಮ್ಮದು. ಮಾರನೆಯ ದಿನ ಬೀರುವಿನದೇ ಬಣ್ಣದ ಸ್ಟೂಲೊಂದು ಬಂತು, ಅದಕ್ಕೆ ರಿಬ್ಬನ್ ಕಟ್ಟಿತ್ತು. ಅತ್ತೆ ಅದರ ಮೇಲೆ ಹತ್ತಿ ಕೆಲವು ದಿನ ಅಡುಗೆ ಮಾಡಿದರು. ಒಲೆಯಿಂದ ಸಿಂಕಿಗೆ ಇಳಿದು ಹತ್ತು, ಸಿಂಕಿನಿಂದ ಒಲೆಗೆ ಇಳಿದು ಹತ್ತು. ಕೊನೆಗೊಂದು ಮಧ್ಯಾಹ್ನ ಕುದಿಯುವ ಬೇಳೆಯ ಪಾತ್ರೆ ಹಿಡಿದು ಇಳಿಯುವಾಗ ಸ್ಟೂಲು ಜಾರಿತು. ಬೇಳೆ ನೆಲಕ್ಕೆ ಬಿತ್ತು, ಅವರು ಬೀಳಲಿಲ್ಲ. ಮುಂಗೈ ಮೇಲೆ ಸುಟ್ಟ ಬೊಬ್ಬೆ ಎದ್ದಿತು. ಮುಲಾಮು ನಮ್ಮ ಅಂಗಡಿಯದೇ, ಆ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ. ಅಂದು ಸಂಜೆ ಯಜಮಾನರು, ಇನ್ನು ಮೇಲೆ ಅಮ್ಮ ಅಡುಗೆಮನೆಗೆ ಕಾಲಿಡಬಾರದೆಂದು ಆಜ್ಞೆ ಹೊರಡಿಸಿದರು. ಅತ್ತೆ ಜಗಳವಾಡಲಿಲ್ಲ. 'ಹಾಗಾದ್ರೆ ಈ ಮನೇಲಿ ನಾನು ಇನ್ನೇನು ಮಾಡ್ಲಿ, ಅದನ್ನಾದ್ರೂ ಹೇಳಪ್ಪ' ಎಂದಷ್ಟೇ ಕೇಳಿದರು. ವಿಮೆಯ ಎಲ್ಲ ನಿಯಮಗಳನ್ನೂ ಬಾಯಿಪಾಠ ಹೇಳಬಲ್ಲ ಮಗ ಸ್ಟೂಲನ್ನು ಎತ್ತಿಕೊಂಡು ಹೋಗಿ ಅಟ್ಟದ ಮೇಲಿಟ್ಟರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ತಮ್ಮ ಕೃಪೆಯಿಂದ ನಮ್ಮಲ್ಲಿ ಮಗನ ಕಾಲ ಬಂದಿದೆ. ಕಟ್ಟೆ ಯಾರ ಮೈಗೆ ಹೊಲಿದದ್ದೋ ಅವರೇ ಅದನ್ನು ತೊಡಬೇಕೆಂದು ನಾನು ನ್ಯಾಯ ಹೇಳಿದೆ. ಈಗ ಯಜಮಾನರು ನಸುಕಿನಲ್ಲೇ ಎದ್ದು, ಬೆನ್ನು ಚೂರೂ ಬಾಗಿಸದೆ, ಅತ್ಯಂತ ಶಾಸ್ತ್ರೋಕ್ತವಾದ ಭಂಗಿಯಲ್ಲಿ ಅನ್ನವನ್ನು ಅಂಟು ಮಾಡುತ್ತಾರೆ. ಅವರು ಬೇಯಿಸಿದ ತರಕಾರಿಯನ್ನು ಯಾವುದೆಂದು ಗುರುತಿಸಲು ಬುಟ್ಟಿಯಲ್ಲಿ ಉಳಿದಿರುವುದನ್ನು ನೋಡಬೇಕು. ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಆದರೆ ಮಾನ್ಯರೇ, ಅತ್ತೆ ಅದನ್ನು ತಿಂದು 'ಚೆನ್ನಾಗಿದೆ' ಎನ್ನುತ್ತಿದ್ದಾರೆ. ತಮಗೆ ಇದರ ಭೀಕರತೆ ಅರ್ಥವಾಗಲಾರದು. ನಾನು ಈ ಮನೆಗೆ ಬಂದಂದಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿದವಳಲ್ಲ. ನಾನು ಕಾಸಿದ ಹಾಲಿನಲ್ಲಿ, ಬಿಸಿ ಮಾಡಿದ ನೀರಿನಲ್ಲಿ ಕೂಡ ಕೊರತೆ ಕಂಡವರು ಅವರು. ನಾವಿಬ್ಬರೂ ಹಾಗೆ ಕಿತ್ತಾಡಿಕೊಂಡೇ ಒಬ್ಬರಿಗೊಬ್ಬರು ಹತ್ತಿರವಾದವರು. ಈಗ ಕೊಟ್ಟದ್ದನ್ನು ತಿನ್ನುತ್ತಾರೆ, ತಟ್ಟೆ ಸರಿಸುತ್ತಾರೆ, ನೆಂಟರ ಮನೆಯಲ್ಲಿ ಉಂಡು ಏಳುವವರ ಹಾಗೆ 'ಎಲ್ಲ ಚೆನ್ನಾಗಿತ್ತು' ಎಂದು ಹೇಳಿ ಹೋಗಿ ಕಿಟಕಿಯ ಹತ್ತಿರ ಕೂರುತ್ತಾರೆ. ಮೊನ್ನೆ ನಾನು ಬೇಕೆಂದೇ ಈರುಳ್ಳಿಯನ್ನು ದೊಡ್ಡ ದೊಡ್ಡದಾಗಿ ಹೆಚ್ಚಿ ಅವರ ಮುಂದಿಟ್ಟೆ. ನೋಡಿದರು, ಏನೂ ಅನ್ನಲಿಲ್ಲ. ನನಗೆ ಭಯವಾಯಿತು. ತಮ್ಮ ಮೇಲಿನ ಸಿಟ್ಟು ನನಗೆ ಕಟ್ಟೆಯಿಂದ ಬಂದದ್ದಲ್ಲ, ಆ ಮೌನದಿಂದ ಬಂದದ್ದು.

ಅದೇ ಸಿಟ್ಟಿನಲ್ಲಿ ಬೀರುವಿನ ಕೆಳಗಿನ ಪಟ್ಟಿಗೆ ಒದ್ದೆ. ತಮ್ಮ ಕುಶಲತೆಯ ಪಟ್ಟಿಯಾದ್ದರಿಂದ ಅದು ಕೂಡಲೇ ಕಳಚಿ ಬಿತ್ತು. ಒಳಗೆ ಬಗ್ಗಿ ನೋಡಿದರೆ ಒಂದು ಗೇಣು ಎತ್ತರ ಬರೀ ಗಾಳಿ. ಆ ಗಾಳಿಯ ನಡುವೆ, ತಿರುಗಿಸಿದರೆ ಏರುವ, ತಿರುಗಿಸಿದರೆ ಇಳಿಯುವ ಪ್ಲಾಸ್ಟಿಕ್ ಕಾಲುಗಳು ಸಾಲಾಗಿ ನಿಂತಿದ್ದವು. ಒಂದು ಕೂದಲೆಳೆಯಷ್ಟೂ ಇಳಿಯದ ಕಟ್ಟೆ ನಿಂತಿದ್ದದ್ದು ಇವುಗಳ ಮೇಲೆ. ಈ ಸಂಶೋಧನೆಯನ್ನು ತಮ್ಮ ಸಹಾಯಕರಿಗೆ ತಿಳಿಸಿದಾಗ ಅವರು ಪಾಪ, ನಿಜ ಹೇಳಿಬಿಟ್ಟರು: 'ಇಳಿಸಬಹುದು ಮೇಡಂ, ಆದ್ರೆ ಗೋಡೇಲಿ ಟೈಲ್ಸ್ ಕೆಳಗೆ ಬೋಳು ಜಾಗ ಕಾಣುತ್ತೆ, ನಮ್ಮ ಜಾಹೀರಾತಿನ ಫೋಟೋಗೆ ಚೆನ್ನಾಗಿರಲ್ಲ.' ಎಂಥ ಉದಾತ್ತ ಕಾರಣ. ಒಬ್ಬ ಹೆಂಗಸು ತನ್ನ ಮನೆಯಲ್ಲೇ ನೆಂಟಳಾಗಬಹುದು, ತಮ್ಮ ಫೋಟೋದಲ್ಲಿ ಒಂದು ಗೇಣು ಬೋಳು ಗೋಡೆ ಕಾಣಬಾರದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ ಇಷ್ಟು. ಬರುವ ಭಾನುವಾರ ತಾವು ಖುದ್ದಾಗಿ ಬಂದು ಆ ಕಾಲುಗಳನ್ನು ಇಳಿಸಿಕೊಡಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ಅತ್ತೆಯನ್ನು ಒಂದು ಗೇಣು ಬೆಳೆಸಿಕೊಡಬೇಕು. ದರ್ಜಿಯ ವೃತ್ತಿಧರ್ಮದಲ್ಲಿ ಅಂಗಿಗೆ ತಕ್ಕಂತೆ ಮನುಷ್ಯರನ್ನು ಎಳೆಯುವ ವಿದ್ಯೆಯೂ ಇರಬಹುದು, ನಾನು ಬಲ್ಲವಳಲ್ಲ. ಅದೂ ಆಗದಿದ್ದರೆ ತಾವೇ ದಿನವೂ ನಮ್ಮಲ್ಲಿಗೆ ಬಂದು ಯಜಮಾನರ ಅಡುಗೆ ಉಂಡು, ಅದು ಹೇಗಿದೆಯೆಂದು ನಿಜ ಹೇಳಬೇಕು. ಆ ಕೆಲಸಕ್ಕೆ ಈಗ ಮನೆಯಲ್ಲಿ ಜನರಿಲ್ಲ. ಭಾನುವಾರ ತಾವು ಬರಲಿಲ್ಲವೆನ್ನಿ, ಸ್ಪ್ಯಾನರು ಹಿಡಿಯಲು ನನಗೆ ಬರುತ್ತದೆ, ಅಂಗಡಿಯ ಷಟರನ್ನು ರಿಪೇರಿ ಮಾಡುವವಳು ನಾನೇ. ಬೋಳು ಗೋಡೆ ಬೋಳಾಗಿಯೇ ಇರಲಿ. ಅದರ ಫೋಟೋ ತೆಗೆದು ತಮ್ಮ ಹೆಸರು ಹಾಕಿ ಅಂಗಡಿಯ ಗಾಜಿಗೆ ಅಂಟಿಸುವ ಭಾಗ್ಯವನ್ನು ನನಗೆ ಕರುಣಿಸಬೇಕು.

ತಮ್ಮ ಕಲೆಗೆ ಮಂಡಿ ತಾಗಿಸಿಕೊಂಡವರೆಲ್ಲರ ಪರವಾಗಿ,

ತಮ್ಮ ವಿಶ್ವಾಸಿ,
ಆ ಕಟ್ಟೆಯ ಮನೆಯ ಸೊಸೆ

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಪೂರ್ತಿ ಕೇಳಿ, 'ಇದೇನು ಬರೆದಿದ್ದೀಯ? ಬೈಯೋದನ್ನೂ ಇಷ್ಟು ಸಪ್ಪೆ ಮಾಡ್ತಾರಾ ಯಾರಾದ್ರೂ? ಅವನಿಗೇನು ಅಷ್ಟೊಂದು ಮಾನ್ಯರೇ, ಮಾನ್ಯರೇ' ಎಂದರು. ಎಷ್ಟೋ ದಿನಗಳ ಮೇಲೆ ನನ್ನ ಕೆಲಸದಲ್ಲಿ ಅವರು ತಪ್ಪು ಹಿಡಿದರು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಆ ಜಾಗಗಳಲ್ಲೆಲ್ಲ ಹಾಕಬೇಕಾದ ಪದವನ್ನೂ ಅವರೇ ಹೇಳಿಕೊಟ್ಟರು. ಅದನ್ನು ಬರೆಯಲು ನನಗೆ ಕೈ ಬರಲಿಲ್ಲ, ಭಾನುವಾರ ಬಂದರೆ ಅವರ ಬಾಯಿಂದಲೇ ಕೇಳಿಸಿಕೊಳ್ಳಬಹುದು.